ಅಕರಣಿ, ನೆಪ, ತೆರಿಗೆ: ಎಲ್ಲಕ್ಕೂ ಒಂದೇ ರ್ಯಾಷನಲೈಸೇಷನ್ ಯಾಕೆ?

ನಮಸ್ಕಾರ, ಮಡಿಕೇರಿಯಿಂದ. ಗೋಣಿಕೊಪ್ಪಲಿನ ಒಬ್ಬ ಹುಡುಗಿ ಕೇಳಿದ್ದಾಳೆ: "ಅಕ್ಕ, ಗಣಿತದಲ್ಲಿ ರ್ಯಾಷನಲೈಸ್ ಮಾಡಿದರೆ ಮಾರ್ಕ್ಸ್ ಕೊಡ್ತಾರೆ. ಮನೆಗೆ ತಡವಾಗಿ ಬಂದಿದ್ದಕ್ಕೆ ಕಾರಣ ಹೇಳಿದರೆ, ರ್ಯಾಷನಲೈಸ್ ಮಾಡಬೇಡ ಅಂತ ಅಣ್ಣ ಬೈತಾನೆ. ಎರಡೂ ಒಂದೇನಾ?"

ಎಷ್ಟು ಒಳ್ಳೆ ಪ್ರಶ್ನೆ ಅಲ್ವಾ!

ಬೇರು ಒಂದೇ. ಲ್ಯಾಟಿನ್ ಭಾಷೆಯ ರೇಷಿಯೊ ಅಂದರೆ ಲೆಕ್ಕವೂ ಹೌದು, ವಿವೇಕವೂ ಹೌದು. ಗಣಿತದ್ದು ಬೇಗ ಮುಗಿಸೋಣ.

[ತೆರೆಯ ಮೇಲೆ: 1/√2 = √2/2]

ಕೆಳಗಿನ ಕರಣಿ, ಅಂದರೆ ಆ √2, ಹೋಯಿತು, ಬೆಲೆ ಬದಲಾಗಲಿಲ್ಲ. ಕನ್ನಡ ಮಾಧ್ಯಮದವರಿಗೆ ಇದು ಅಕರಣೀಕರಣ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ 1ನ್ನು 1.414ರಿಂದ ಭಾಗಿಸುವುದು ತಲೆನೋವು. 1.414ನ್ನು 2ರಿಂದ ಭಾಗಿಸಿ ನೋಡಿ, ಬಾಯಲ್ಲೇ 0.707 ಬಂತು.

ಈಗ ಅಣ್ಣ ಹೇಳಿದ್ದು. 1908ರಲ್ಲಿ ಮನೋವಿಶ್ಲೇಷಕ ಅರ್ನೆಸ್ಟ್ ಜೋನ್ಸ್ ಈ ಪದವನ್ನು ಮನಶ್ಶಾಸ್ತ್ರಕ್ಕೆ ತಂದರು. ಮೊದಲು ಕೆಲಸ, ಆಮೇಲೆ ಅದಕ್ಕೆ ಒಪ್ಪುವಂಥ ಕಾರಣ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದೇ.

ಆದರೆ ಹಾಗೆ ಹೇಳುವವರು ಸುಳ್ಳು ಹೇಳುತ್ತಿದ್ದಾರಾ? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 1970ರ ದಶಕದಲ್ಲಿ ಮೆದುಳಿನ ವಿಜ್ಞಾನಿಗಳಾದ ಮೈಕಲ್ ಗಜಾನಿಗಾ ಮತ್ತು ಜೋಸೆಫ್ ಲೆಡೂ ಒಂದು ಪ್ರಯೋಗ ಮಾಡಿದರು. ತೀವ್ರ ಮೂರ್ಛೆರೋಗಕ್ಕೆ ಚಿಕಿತ್ಸೆಯಾಗಿ, ಮೆದುಳಿನ ಎರಡು ಭಾಗಗಳ ನಡುವಿನ ಸಂಪರ್ಕ ಕತ್ತರಿಸಿದ್ದ ಒಬ್ಬ ಹುಡುಗ. ಅವನ ಮಾತಾಡುವ ಎಡ ಮೆದುಳಿಗೆ ಕೋಳಿಯ ಕಾಲು ತೋರಿಸಿದರು. ಬಲ ಮೆದುಳಿಗೆ ಹಿಮ ಬಿದ್ದ ಮನೆ. ಎಡ ಮೆದುಳು ನಡೆಸುವುದು ಬಲಗೈಯನ್ನು, ಬಲ ಮೆದುಳು ಎಡಗೈಯನ್ನು. ಹೊಂದುವ ಚಿತ್ರ ಆರಿಸು ಅಂದಾಗ ಬಲಗೈ ಕೋಳಿಯನ್ನು ಮುಟ್ಟಿತು, ಎಡಗೈ ಸಲಿಕೆಯನ್ನು. ನಮ್ಮೂರಲ್ಲಿ ಮಂಜು ಕವಿಯುತ್ತದೆ, ಹಿಮ ಬೀಳಲ್ಲ. ಅಲ್ಲಿ ಹಿಮ ತೆಗೆಯೋದು ಸಲಿಕೆಯಲ್ಲಿ.

ಸಲಿಕೆ ಯಾಕೆ ಅಂತ ಕೇಳಿದರು. ಮಾತಾಡುವ ಭಾಗ ಹಿಮ ನೋಡೇ ಇಲ್ಲ. ಆದರೂ ಉತ್ತರ ತಕ್ಷಣ ಬಂತು: ಕೋಳಿಗೂಡು ಸ್ವಚ್ಛ ಮಾಡಲು ಸಲಿಕೆ ಬೇಕಲ್ಲ! ತಡವರಿಕೆ ಇಲ್ಲ, ಅನುಮಾನ ಇಲ್ಲ. ಅವನು ಅದನ್ನು ಪೂರ್ತಿ ನಂಬಿದ್ದ. ಇದನ್ನು ಮೊದಲು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ನಮ್ಮಪ್ಪ ಒಂದು ವರ್ಷ ಕರಿಮೆಣಸು ಮಾರದೆ ಇಟ್ಟುಕೊಂಡರು. ಬೆಲೆ ಬಿತ್ತು. "ಹೇಗೂ ಸರಿಯಾಗಿ ಒಣಗಿರಲಿಲ್ಲ" ಅಂದರು. ಕಣದಲ್ಲಿ ಹರಡಿ, ಕಾಲಲ್ಲಿ ಎಳೆದು ಒಣಗಿಸಿದವಳು ನಾನೇ. ಗರಿಗರಿ ಒಣಗಿತ್ತು. ಅವತ್ತು ಅಪ್ಪ ಸುಳ್ಳು ಹೇಳಿದರು ಅಂತ ಬೇಜಾರಾಗಿತ್ತು. ಈಗ ಹಾಗನ್ನಿಸಲ್ಲ.

ಸಮಯ ಕಡಿಮೆ, ಉಳಿದದ್ದು ಒಟ್ಟಿಗೆ ಹೇಳಿಬಿಡುತ್ತೇನೆ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್‌ಗೆ ಈ ಪದ ಅಂದರೆ ರೂಢಿ, ನಂಬಿಕೆಗಳ ಜಾಗಕ್ಕೆ ನಿಯಮ, ಕಡತ, ಲೆಕ್ಕಪತ್ರ ಬರುವುದು. ಇನ್ನು ಸರ್ಕಾರದ್ದು: 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಶೇ. 12 ಮತ್ತು 28ರ ಹಂತಗಳು ಬಹುತೇಕ ಹೋದವು. ಇನ್‌ಸ್ಟಂಟ್ ಕಾಫಿಯ ತೆರಿಗೆ ಶೇ. 18ರಿಂದ 5ಕ್ಕೆ ಇಳಿಯಿತು. ಪೇಪರಿನವರು ಇದನ್ನು ದರ ತರ್ಕಬದ್ಧಗೊಳಿಸುವಿಕೆ ಅಂತ ಬರೆದರು. 1920ರ ದಶಕದಲ್ಲಿ ಜರ್ಮನಿಯ ಕಾರ್ಖಾನೆಗಳಲ್ಲಿ ಖರ್ಚು ಇಳಿಸಿ ಉತ್ಪಾದನೆ ಹೆಚ್ಚಿಸುವುದಕ್ಕೂ ಇದೇ ಹೆಸರು. ಈಗ ಕಂಪನಿಗಳು ಜನರನ್ನು ಕೆಲಸದಿಂದ ತೆಗೆಯುವಾಗಲೂ ಇದೇ ಪದ ಬಳಸುತ್ತವೆ. ಅದು ನನಗೆ ಇಷ್ಟವಿಲ್ಲ. ತೆಗೆಯುತ್ತಿದ್ದೇವೆ ಅಂತಲೇ ಹೇಳಲಿ.

ತಂಗಿ, ಎರಡೂ ಒಂದೇ ಅಲ್ಲ. ಪರೀಕ್ಷೆಯಲ್ಲಿ ಅಕರಣೀಕರಣ ಅಂತ ಬರೆ. ಅಣ್ಣನಿಗೆ ಮಾತ್ರ ಆ ಸಲಿಕೆಯ ಕತೆ ಹೇಳು.