ಇನ್ನೊಂದು ಗಂಟೆ ಅಲ್ಲೇ ಇರಿ

ಕೇಳುಗರಿಗೆಲ್ಲ ನಮಸ್ಕಾರ. ಫೋಟೋಗ್ರಫಿ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ವಿಶೇಷ ನಮಸ್ಕಾರ, ಯಾಕಂದ್ರೆ ಇವತ್ತಿನ ಮಾತು ನಿಮಗೇ. ನೀವು ಕಾಲೇಜಿನಲ್ಲಿ ಕಲಿಯುತ್ತಿರಬಹುದು, ಮನೆಯಲ್ಲೇ ಮೊಬೈಲ್ ಹಿಡಿದುಕೊಂಡು ಕಲಿಯುತ್ತಿರಬಹುದು. ನನಗೆ ಎರಡೂ ಒಂದೇ.

ಫೋಟೋಗಳಲ್ಲಿ ಕಥೆ ಹೇಳುವುದು ಹೇಗೆ ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ಕ್ಲಾಸಿನಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಮೇಡಂ, ಯಾವ ಲೆನ್ಸ್ ತಗೊಳ್ಳಲಿ?" ದಯವಿಟ್ಟು ಆ ಪ್ರಶ್ನೆಯನ್ನು ಒಂದು ವರ್ಷ ಪಕ್ಕಕ್ಕಿಡಿ. ಕೈಯಲ್ಲಿರುವ ಲೆನ್ಸೇ ಸಾಕು. ನಾನು ಇವತ್ತು ಹೇಳುವುದು ಒಂದೇ ಮಾತು. ಒಳ್ಳೆಯ ಫೋಟೋ ಸಿಕ್ಕಿತು, ಇನ್ನು ಹೊರಡೋಣ ಅನ್ನಿಸಿತಲ್ವಾ? ಆಗ ಹೊರಡಬೇಡಿ. ಇನ್ನೊಂದು ಗಂಟೆ ಅಲ್ಲೇ ಇರಿ.

ಇದನ್ನು ನಾನು ಕಲಿತದ್ದು ವಿದ್ಯಾರ್ಥಿಯಾಗಿದ್ದಾಗ. ಅದು ಫಿಲ್ಮ್ ಕಾಲ. ಒಂದು ರೋಲಿನಲ್ಲಿ 36 ಫೋಟೋ. ನಮ್ಮ ಮೇಷ್ಟ್ರು ಒಂದು ಕೆಲಸ ಕೊಟ್ಟರು: ಯಾರಾದರೂ ಒಬ್ಬರ ದುಡಿಮೆಯ ಕಥೆಯನ್ನು ಹತ್ತು ಫೋಟೋಗಳಲ್ಲಿ ಹೇಳಿ. ನಾನು ವಾಚ್ ರಿಪೇರಿ ಮಾಡುವ ಒಬ್ಬ ಅಜ್ಜನನ್ನು ಆರಿಸಿಕೊಂಡೆ. ಬೆಳಿಗ್ಗೆ ಹೋದೆ. ಪಕ್ಕದ ಕಿಟಕಿಯಿಂದ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಅಜ್ಜ ಬಗ್ಗಿ ಕೆಲಸ ಮಾಡುತ್ತಿದ್ದರು. ಇಪ್ಪತ್ತೇ ನಿಮಿಷಕ್ಕೆ 36 ಫೋಟೋ ಮುಗಿಯಿತು. ನನಗೋ ಖುಷಿಯೋ ಖುಷಿ.

ಕಾಂಟ್ಯಾಕ್ಟ್ ಶೀಟ್ ಮಾಡಿಸಿ ಮೇಷ್ಟ್ರ ಮುಂದಿಟ್ಟೆ. ಇಡೀ ರೋಲನ್ನು ಚಿಕ್ಕದಾಗಿ ಒಂದೇ ಹಾಳೆಯಲ್ಲಿ ಅಚ್ಚು ಹಾಕುವುದಕ್ಕೆ ಹಾಗನ್ನುತ್ತಾರೆ. ಮೇಷ್ಟ್ರು ಬೆಳಕಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೂರು ಪ್ರಶ್ನೆ ಕೇಳಿದರು. "ಇವರು ಬೆಳಿಗ್ಗೆ ಬಂದ ತಕ್ಷಣ ಏನು ಮಾಡ್ತಾರೆ? ಯಾರ ಹತ್ತಿರ ಜಾಸ್ತಿ ಮಾತಾಡ್ತಾರೆ? ಬಾಗಿಲು ಹಾಕೋ ಮುಂಚೆ ಏನು ಮಾಡ್ತಾರೆ?" ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. "ನೀನು ಅಲ್ಲಿಗೆ ಹೋಗಿ ಬಂದಿದೀಯ ಅಷ್ಟೇ. ಹೋಗು, ಹೋಗಿ ಅಲ್ಲಿರು," ಅಂದರು.

ಮತ್ತೆ ಹೋದೆ. ನಾನು ಕ್ಯಾಮೆರಾ ಎತ್ತಿದಾಗಲೆಲ್ಲ ಅಜ್ಜ ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ಕೂತುಬಿಡುತ್ತಿದ್ದರು. ಮೊದಲ ದಿನ ಸೋತು ಕ್ಯಾಮೆರಾ ಬ್ಯಾಗಿಗೆ ಹಾಕಿ, ಸುಮ್ನೆ ಸ್ಟೂಲಿನ ಮೇಲೆ ಕೂತೆ. ಎರಡನೇ ದಿನ ಅವರೇ ಮಾತಾಡಿಸಿದರು. ಮೂರನೇ ದಿನ ನಾನು ಅಲ್ಲಿರುವುದನ್ನೇ ಮರೆತರು.

ಆಮೇಲೆ ನನಗೆ ಒಂದೊಂದೇ ಕಾಣತೊಡಗಿತು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ ತೆಗೆದರೆ ಬಲಗಣ್ಣಿನ ಸುತ್ತ ಕೆಂಪಗೆ ಒಂದು ಉಂಗುರ. ಎಷ್ಟು ಹೊತ್ತಾದರೂ ಮಾಸುತ್ತಿರಲಿಲ್ಲ. ರಿಪೇರಿ ಮುಗಿದ ವಾಚನ್ನು ಅವರು ಹಾಗೇ ಕೊಡುತ್ತಿರಲಿಲ್ಲ. ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಎದುರಿಗೆ ನಿಂತವರೂ ತಾವಾಗಿ ಮಾತು ನಿಲ್ಲಿಸುತ್ತಿದ್ದರು. ಅವತ್ತು ಒಬ್ಬ ಹೆಂಗಸು ಉಸಿರು ಬಿಗಿಹಿಡಿದು ಅಜ್ಜನ ಮುಖವನ್ನೇ ನೋಡುತ್ತಿದ್ದಳು, ಡಾಕ್ಟರ ಮುಂದೆ ನಿಂತವರ ಹಾಗೆ. ಇಬ್ಬರ ಮುಖವೂ ಒಂದೇ ಫ್ರೇಮಿನಲ್ಲಿ ಸಿಕ್ಕಿತು. ಇದೇ ಸಾಕು, ಕಥೆ ಮುಗಿಯಿತು ಅಂದುಕೊಂಡೆ.

ಸಂಜೆಯಾಯಿತು. ಬೆಳಕು ಹೋಗಿತ್ತು. ನಾನು ಬ್ಯಾಗಿನ ಜಿಪ್ ಎಳೆದು ಎದ್ದೆ. ಮೇಷ್ಟ್ರ ಮೂರನೇ ಪ್ರಶ್ನೆ ನೆನಪಾಗಿ ಮತ್ತೆ ಕೂತೆ. ಅಜ್ಜ ಕೆಳಗಿನ ಡ್ರಾಯರ್ ಎಳೆದರು. ಒಳಗೆ ಹತ್ತು ಹನ್ನೆರಡು ಹಳೆಯ ವಾಚು. ರಿಪೇರಿಗೆ ಕೊಟ್ಟು ಯಾರೂ ವಾಪಸ್ ಒಯ್ಯದೇ ಉಳಿದವು. ಒಂದೊಂದನ್ನೇ ಎತ್ತಿ, ಕೀ ಕೊಟ್ಟು, ಟೈಮ್ ಸರಿಮಾಡಿ, ಮತ್ತೆ ಒಳಗಿಟ್ಟರು.

"ಯಾರೂ ಬರಲ್ವಲ್ಲ ಅಜ್ಜಾ, ಯಾಕೆ ಕೀ ಕೊಡ್ತೀರಿ?" ಅಂತ ಕೇಳಿದೆ.

"ನಾಳೆ ಬಂದ್ರೆ? ನಿಂತುಹೋದ ವಾಚು ಕೈಗೆ ಕೊಡೋಕಾಗುತ್ತೇನಮ್ಮಾ?" ಅಂದರು.

ರೋಲಿನಲ್ಲಿ ಮೂರೇ ಫೋಟೋ ಉಳಿದಿತ್ತು. ಅಷ್ಟು ಮಂದ ಬೆಳಕಿಗೆ ಶಟರ್ ವೇಗವನ್ನು ಸೆಕೆಂಡಿನ 15ನೇ ಒಂದು ಭಾಗಕ್ಕೆ ಇಳಿಸಬೇಕಾಯಿತು. ಆ ವೇಗಕ್ಕೆ ಕೈ ಒಂಚೂರು ನಡುಗಿದರೂ ಫೋಟೋ ಕಲಸಿಹೋಗುತ್ತದೆ. ಮೊಣಕೈಯನ್ನು ಮೇಜಿಗೆ ಊರಿ, ಉಸಿರು ಹಿಡಿದು ಒತ್ತಿದೆ. ಎರಡು ಹಾಳಾದವು, ಒಂದು ಬಂತು. ಅದರಲ್ಲೂ ಅಜ್ಜನ ಬೆರಳು ಸ್ವಲ್ಪ ಅಲುಗಾಡಿದ ಹಾಗೆ ಕಾಣುತ್ತದೆ. ಇರಲಿ, ಅವರ ಬೆರಳು ಕೀ ಕೊಡುತ್ತಿತ್ತಲ್ವಾ! ಮೇಷ್ಟ್ರು ಅದನ್ನೇ ಕೊನೆಯ ಫೋಟೋ ಮಾಡಿದರು. ಮೊದಲ ದಿನ ಕಿಟಕಿ ಬೆಳಕಲ್ಲಿ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಎಲ್ಲರಿಗೂ ತೋರಿಸಿದ್ದ ಫೋಟೋ ಹತ್ತರಲ್ಲಿ ಸೇರಲೇ ಇಲ್ಲ. ನೋಡಲು ಚೆನ್ನಾಗಿತ್ತು, ನಿಜ. ಆದರೆ ಕಥೆಯಲ್ಲಿ ಅದಕ್ಕೆ ಏನೂ ಕೆಲಸ ಇರಲಿಲ್ಲ.

ಎಷ್ಟೋ ವರ್ಷ ಆದಮೇಲೂ ಅದನ್ನು ನೆನೆದರೆ ನನಗೆ ಭಯವಾಗುತ್ತದೆ. ಅವತ್ತು ಎದ್ದು ಹೋಗಿಬಿಟ್ಟಿದ್ದರೆ? ಅದಕ್ಕೇ ಮತ್ತೆ ಹೇಳುತ್ತೇನೆ: ಇನ್ನೊಂದು ಗಂಟೆ ಅಲ್ಲೇ ಇರಿ.

ದೊಡ್ಡ ಫೋಟೋಗ್ರಾಫರುಗಳೂ ಮಾಡಿದ್ದು ಇದನ್ನೇ. ಅಮೆರಿಕದ ಯೂಜಿನ್ ಸ್ಮಿತ್ ಹೆಸರು ಕೇಳಿರುತ್ತೀರಿ. 1948ರಲ್ಲಿ ಲೈಫ್ ಪತ್ರಿಕೆಗಾಗಿ ಅವರು ಕೊಲರಾಡೋದ ಕ್ರೆಮ್ಲಿಂಗ್ ಅನ್ನೋ ಪುಟ್ಟ ಊರಿಗೆ ಹೋದರು. ಅಲ್ಲಿ ಸುತ್ತಲಿನವರಿಗೆಲ್ಲ ಒಬ್ಬರೇ ಡಾಕ್ಟರು, ಅರ್ನೆಸ್ಟ್ ಸೆರಿಯಾನಿ ಅಂತ. ಸ್ಮಿತ್ ಆ ಡಾಕ್ಟರ ಬೆನ್ನು ಬಿಡದೆ 23 ದಿನ ಇದ್ದರು. ಶುರುವಿನಲ್ಲಿ ಕ್ಯಾಮೆರಾಗೆ ಫಿಲ್ಮನ್ನೇ ಹಾಕಿರಲಿಲ್ಲ. ಡಾಕ್ಟರಿಗೆ ಕ್ಯಾಮೆರಾ ಅಭ್ಯಾಸವಾಗಲಿ ಅಂತ ಸುಮ್ನೆ ಕ್ಲಿಕ್ ಮಾಡುತ್ತಿದ್ದರು. ಆ ಫೋಟೋಗಳಲ್ಲಿ ಒಂದು ನನ್ನ ಮನಸ್ಸು ಬಿಟ್ಟು ಹೋಗಿಲ್ಲ. ಹೆರಿಗೆಯ ಆಪರೇಷನ್‌ನಲ್ಲಿ ತಾಯಿಯೂ ಮಗುವೂ ಉಳಿಯಲಿಲ್ಲ. ಅದಾದ ಮೇಲೆ ಡಾಕ್ಟರು ಅಡುಗೆಮನೆಯಲ್ಲಿ ಒರಗಿ ನಿಂತಿದ್ದಾರೆ. ಆಪರೇಷನ್ ಬಟ್ಟೆಯನ್ನೂ ಬಿಚ್ಚಿಲ್ಲ. ಕೈಯಲ್ಲಿ ಕಾಫಿ ಕಪ್ಪು. ಕಣ್ಣು ಎಲ್ಲೋ ಇದೆ. ಆಪರೇಷನ್ ಮುಗಿಯಿತು ಅಂತ ಸ್ಮಿತ್ ಹೊರಟುಬಿಟ್ಟಿದ್ದರೆ ಈ ಫೋಟೋ ಇರುತ್ತಿರಲಿಲ್ಲ.

ಅಜ್ಜನ ಕಥೆಗೇ ಜಾಸ್ತಿ ಸಮಯ ತಗೊಂಡೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಒಂದೇ ಜಾಗದಲ್ಲಿ ನಿಂತು ಎಲ್ಲ ಫೋಟೋ ತೆಗೆಯಬೇಡಿ. ಇಡೀ ಕೋಣೆ ಕಾಣುವಂಥದ್ದು ಒಂದು ಬೇಕು. ಆ ಮನುಷ್ಯ ಇನ್ನೊಬ್ಬರ ಜೊತೆ ಇರುವುದು ಬೇಕು. ಬರೀ ಕೈ, ಬರೀ ಒಂದು ವಸ್ತು, ಅಷ್ಟು ಹತ್ತಿರದ್ದೂ ಬೇಕು. ಜೂಮ್ ಎಳೆಯಬೇಡಿ, ಕಾಲಲ್ಲಿ ನಡೆದು ಹತ್ತಿರ ಹೋಗಿ.

ಒಪ್ಪಿಗೆ ಕೇಳಿ. ಬೇಡ ಅಂದರೆ ಕ್ಯಾಮೆರಾ ಕೆಳಗಿಡಿ. ಇನ್ನು, ಏನಾದರೂ ತಪ್ಪಿಹೋದರೆ "ಇನ್ನೊಂದ್ಸಲ ಹಾಗೇ ಮಾಡಿ" ಅಂತ ಕೇಳಬೇಡಿ. ನನಗೆ ಇದೊಂದು ಆಗುವುದೇ ಇಲ್ಲ. ಹೇಳಿ ಮಾಡಿಸಿದರೆ ಅದು ನಟನೆ. ಅಲ್ಲೇ ಇದ್ದರೆ ಅದು ತಾನಾಗಿ ಇನ್ನೊಮ್ಮೆ ಬರುತ್ತದೆ.

ಆರಿಸುವಾಗ ಎಲ್ಲವನ್ನೂ ಚಿಕ್ಕದಾಗಿ ಪ್ರಿಂಟ್ ಹಾಕಿ ನೆಲದ ಮೇಲೆ ಹರಡಿ. ಒಂದನ್ನು ಎತ್ತಿ ಪಕ್ಕಕ್ಕಿಡಿ. ಕಥೆ ಎಲ್ಲೂ ಕಡಿಯದಿದ್ದರೆ ಅದು ಬೇಡ. ಅಡಿಬರಹದಲ್ಲಿ ಯಾರು, ಎಲ್ಲಿ, ಯಾವಾಗ ಅಂತ ಬರೆಯಿರಿ. ಕವಿತೆ ಬರೆಯಬೇಡಿ.

ಈ ವಾರ ನಿಮಗೊಂದು ಕೆಲಸ. ನಿಮ್ಮ ಮನೆಯವರಲ್ಲೇ ಒಬ್ಬರನ್ನು ಆರಿಸಿಕೊಳ್ಳಿ. ಮೊದಲ ದಿನ ಕ್ಯಾಮೆರಾ ಮುಟ್ಟಬೇಡಿ. ಸುಮ್ನೆ ಜೊತೆಗಿದ್ದು ನೋಡಿ. ಎರಡನೇ ದಿನದಿಂದ ಫೋಟೋ ತೆಗೆಯಿರಿ. ಸಾಕು ಅನ್ನಿಸಿದಾಗ ಟೈಮ್ ನೋಡಿಕೊಳ್ಳಿ, ಅಲ್ಲಿಂದ ಒಂದು ಗಂಟೆ. ಅಷ್ಟು ಹೊತ್ತೂ ಬ್ಯಾಗಿನ ಜಿಪ್ ಎಳೆಯಬೇಡಿ.

ನಮಸ್ಕಾರ.