ಸಿಗಲಿಲ್ಲ ಎಂಬುದೂ ಒಂದು ಮಾಹಿತಿ

ಕೇಳುಗರೆಲ್ಲರಿಗೂ ನಮಸ್ಕಾರ.

2009ರ ಜೂನ್ 1ರಂದು, ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೋಗುತ್ತಿದ್ದ ಏರ್ ಫ್ರಾನ್ಸ್ 447 ವಿಮಾನವು 228 ಜನರೊಂದಿಗೆ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ತೇಲುತ್ತಿದ್ದ ಚೂರುಗಳು ಕೆಲವೇ ದಿನಗಳಲ್ಲಿ ಸಿಕ್ಕಿದರೂ, ದುರಂತದ ಕಾರಣವನ್ನು ತಿಳಿಸಬಲ್ಲ ಕಪ್ಪು ಪೆಟ್ಟಿಗೆಗಳ ಸುಳಿವಿರಲಿಲ್ಲ. ಆ ಪೆಟ್ಟಿಗೆಗಳಿಗೆ ನೀರಿನೊಳಗೆ ಶಬ್ದ ಹೊರಡಿಸುವ ಸಾಧನಗಳಿರುತ್ತವೆ. ವಿಮಾನ ಇದ್ದದ್ದು ಕೊನೆಯದಾಗಿ ತಿಳಿದಿದ್ದ ಸ್ಥಾನದ ಸುತ್ತ ಹಡಗುಗಳು ಆಲಿಸಿದವು, ಏನೂ ಕೇಳಿಸಲಿಲ್ಲ. ಆದ್ದರಿಂದ ಮುಂದಿನ ಹುಡುಕಾಟ ಬೇರೆಡೆಗೆ ಸಾಗಿ, ಎರಡು ವರ್ಷ ಕಳೆಯುತ್ತ ಬಂದರೂ ಫಲ ಸಿಗಲಿಲ್ಲ.

2011ರ ಆರಂಭದಲ್ಲಿ ಅಮೆರಿಕದ ಮೆಟ್ರಾನ್ ಸಂಸ್ಥೆಯ ಗಣಿತಜ್ಞರು, ಫ್ರಾನ್ಸಿನ ತನಿಖಾ ಸಂಸ್ಥೆಯ ಪರವಾಗಿ, ಈ ಇಡೀ ಪ್ರಯತ್ನವನ್ನು ಬೇಯಸ್ ವಿಧಾನದಿಂದ ಮರುಪರಿಶೀಲಿಸಿದರು. ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯಸ್ ಬರೆದಿಟ್ಟಿದ್ದ, ಅವರು ತೀರಿಕೊಂಡ ಮೇಲೆ 1763ರಲ್ಲಿ ರಾಯಲ್ ಸೊಸೈಟಿಯ ಮುಂದೆ ಓದಲಾದ ಪ್ರಬಂಧವೇ ಈ ವಿಧಾನದ ಮೂಲ. ಈಗ ನಮಗಿರುವ ತಿಳಿವಳಿಕೆಯನ್ನು ಸಂಭವನೀಯತೆಯ ರೂಪದಲ್ಲಿ ಬರೆದುಕೊಂಡು, ಹೊಸ ಸಾಕ್ಷ್ಯ ಬಂದಂತೆಲ್ಲ ಅದನ್ನು ನಿಯಮಬದ್ಧವಾಗಿ ತಿದ್ದುತ್ತ ಹೋಗುವುದು ಅದರ ಸಾರ.

ಕೊನೆಯ ಸ್ಥಾನದಿಂದ 40 ನಾಟಿಕಲ್ ಮೈಲಿಯೊಳಗಿನ ಸಾಗರತಳವನ್ನು ಚೌಕಗಳಾಗಿ ವಿಂಗಡಿಸಿ, ವಿಮಾನ ಅಲ್ಲಿರುವ ಸಂಭವನೀಯತೆಯನ್ನು ಒಂದೊಂದು ಚೌಕಕ್ಕೂ ಲೆಕ್ಕಹಾಕಲಾಯಿತು. ಹುಡುಕಿಯೂ ಸಿಗದ ಚೌಕದ ಸಂಭವನೀಯತೆ ಇಳಿಯುತ್ತದೆ, ಆದರೆ ಸೊನ್ನೆಗೆ ಇಳಿಯುವುದಿಲ್ಲ. ಎಷ್ಟು ಇಳಿಯಬೇಕೆಂಬುದು ಹುಡುಕಿದ ಉಪಕರಣ ಎಷ್ಟು ನಂಬಲರ್ಹ ಎಂಬುದನ್ನು ಅವಲಂಬಿಸಿದೆ. ಶಬ್ದ ಹೊರಡಿಸುವ ಸಾಧನಗಳೇ ಕೆಟ್ಟುಹೋಗಿದ್ದರೆ ಆ ಮೌನದಿಂದ ಯಾವ ನಿರ್ಣಯಕ್ಕೂ ಬರಲಾಗದು. ಈ ಸಾಧ್ಯತೆಯನ್ನು ಲೆಕ್ಕಕ್ಕೆ ಸೇರಿಸಿದಾಗ, ಹುಡುಕಿ ಕೈಬಿಟ್ಟಿದ್ದ ಜಾಗವೇ ಪುನಃ ಮೇಲೆ ಬಂತು. ಏಪ್ರಿಲ್ 3ರಂದು, ಹೊಸ ಶೋಧ ಶುರುವಾಗಿ ಸುಮಾರು ವಾರದೊಳಗೆ, ಅಲ್ಲಿಯೇ, ಸುಮಾರು 3,900 ಮೀಟರ್ ಆಳದಲ್ಲಿ ಅವಶೇಷ ಪತ್ತೆಯಾಯಿತು.

ಹೊಸ ಸಾಕ್ಷ್ಯಕ್ಕೂ ಮುಂಚೆ ಬರೆದುಕೊಳ್ಳುವ ಆರಂಭದ ಸಂಭವನೀಯತೆ ಸಂಶೋಧಕರ ಸ್ವಂತ ಅಭಿಪ್ರಾಯವಲ್ಲವೇ ಎಂಬ ಆಕ್ಷೇಪ ಹಳೆಯದು, ನ್ಯಾಯವಾದದ್ದೂ ಹೌದು. ದತ್ತಾಂಶ ಕಡಿಮೆಯಿರುವಲ್ಲಿ ಅದರ ಪ್ರಭಾವ ದೊಡ್ಡದು. ಆದುದರಿಂದಲೇ ಅದನ್ನು ವರದಿಯಲ್ಲಿ ಬಹಿರಂಗವಾಗಿ ಬರೆಯಬೇಕು; ಬೇರೆ ಆರಂಭಿಕ ಮೌಲ್ಯಗಳನ್ನಿಟ್ಟು ಉತ್ತರ ಎಷ್ಟು ಬದಲಾಗುತ್ತದೆಂದು ತೋರಿಸಬೇಕು. ಹಾಗೆ ಮಾಡದ ಅಧ್ಯಯನವನ್ನು ನಾನು ಒಪ್ಪಲಾರೆ.

ಇದೇ ತರ್ಕ ನಮ್ಮ ನಾಗರಹೊಳೆಯ ಹುಲಿಗಳ ಎಣಿಕೆಯಲ್ಲೂ ನಡೆದಿದೆ. ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಬಹುದಾದರೂ, ಕಾಡಿನಲ್ಲಿಟ್ಟ ಕ್ಯಾಮೆರಾಗಳಿಗೆ ಸಿಕ್ಕ ಹುಲಿಗಳಷ್ಟೇ ಅಲ್ಲಿವೆ ಎನ್ನಲಾಗದು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಆಂಡ್ರ್ಯೂ ರಾಯ್ಲ್ ಮತ್ತಿತರರೊಡನೆ 2009ರಲ್ಲಿ ಪ್ರಕಟಿಸಿದ ಬೇಯಸ್ ಮಾದರಿಯಲ್ಲಿ, ಪ್ರತಿ ಹುಲಿಗೂ ಅದರ ಓಡಾಟದ ಒಂದು ಕೇಂದ್ರವಿದೆಯೆಂದೂ, ಕ್ಯಾಮೆರಾ ಅದರಿಂದ ದೂರವಾದಷ್ಟೂ ಹುಲಿ ಚಿತ್ರದಲ್ಲಿ ಸೆರೆಯಾಗುವ ಸಂಭವ ಕುಗ್ಗುತ್ತದೆಂದೂ ಭಾವಿಸಿ, ಒಮ್ಮೆಯೂ ಚಿತ್ರಕ್ಕೆ ಸಿಗದ ಹುಲಿಗಳನ್ನೂ ಅಂದಾಜಿಗೆ ತರಲಾಗುತ್ತದೆ. ಇಲ್ಲಿ ದೊರೆಯುವ ಉತ್ತರ ಒಂದೇ ಸಂಖ್ಯೆಯಲ್ಲ. ಇಷ್ಟರಿಂದ ಇಷ್ಟರೊಳಗೆ ಹುಲಿಗಳಿವೆ, ಆ ಮಾತಿನ ಸಂಭವನೀಯತೆ ಇಷ್ಟು, ಎಂಬ ವ್ಯಾಪ್ತಿ. ನಮಸ್ಕಾರ.