ಹಾಲಿವುಡ್ ಯಾಕೆ ಪ್ರಾಗ್‌ಗೆ ಹೋಗುತ್ತೆ?

[ದೃಶ್ಯ: ಕಾರ್ಲೋವಿ ವಾರಿಯ ಹೋಟೆಲ್ ಬೀದಿ]

2006ರ ಜೇಮ್ಸ್ ಬಾಂಡ್ ಸಿನಿಮಾ ‘ಕ್ಯಾಸಿನೊ ರಾಯಲ್’ ನೋಡಿದ್ದೀರಾ? ಬಾಂಡ್ ಮಾಂಟೆನೆಗ್ರೊಗೆ ಹೋಗಿ ಜೂಜಾಡುತ್ತಾನೆ. ಆದರೆ ತೆರೆ ಮೇಲೆ ಕಾಣುವ ಆ ಹೋಟೆಲ್, ಆ ಕ್ಯಾಸಿನೊ ಕಟ್ಟಡ ಎರಡೂ ಇರೋದು ಚೆಕ್ ದೇಶದ ಕಾರ್ಲೋವಿ ವಾರಿ ಊರಿನಲ್ಲಿ. ಒಳಗಿನ ಎಷ್ಟೋ ದೃಶ್ಯಗಳು ಚೆಕ್ ರಾಜಧಾನಿ ಪ್ರಾಗ್‌ನ ಬರಾಂಡೋವ್ ಸ್ಟುಡಿಯೊದಲ್ಲಿ ಆದವು.

ನಮ್ಮ ಸಿನಿಮಾದವರು ಯುರೋಪ್‌ಗೆ ಹೋಗೋದು ಜಾಸ್ತಿ ಹಾಡಿಗೆ, ಬೆಟ್ಟ-ಬೀದಿಗಳ ಹಿನ್ನೆಲೆಗೆ. ಹಾಲಿವುಡ್‌ನವರಿಗೆ ಪ್ರಾಗ್‌ನಲ್ಲಿ ಬೀದಿಗಳ ಜೊತೆ ನಾಲ್ಕು ಗೋಡೆಯ ಒಳಗಿನ ಜಾಗವೂ ಬೇಕು. ಯಾಕೆ ಅಂತ ನೋಡೋಣ.

[ದೃಶ್ಯ: ಬರಾಂಡೋವ್‌ನ ಹಳೆಯ ಕಪ್ಪು-ಬಿಳುಪು ಚಿತ್ರಗಳು]

ಈ ಸ್ಟುಡಿಯೊ ಕಟ್ಟಿಸಿದ್ದು ಮಿಲೋಷ್ ಹಾವೆಲ್. ಮುಂದೆ ಆ ದೇಶದ ಅಧ್ಯಕ್ಷರಾದ ವಾತ್ಸ್ಲಾವ್ ಹಾವೆಲ್ ಅವರ ಚಿಕ್ಕಪ್ಪ. 1933ರಲ್ಲಿ ಇಲ್ಲಿ ಶೂಟಿಂಗ್ ಶುರುವಾಯಿತು. ಆಮೇಲೆ ನಾಜಿಗಳು ಬಂದರು, ಸ್ಟುಡಿಯೊವನ್ನು ತಮ್ಮ ಕೈಗೆ ತೆಗೆದುಕೊಂಡರು. ತಮ್ಮ ಸಿನಿಮಾಗಳಿಗೆ ಅಂತ ಮೂರು ಭಾರಿ ಹಾಲ್‌ಗಳ ಕೆಲಸ ಹಿಡಿದರು. ಇವತ್ತು ಹಾಲಿವುಡ್ ಬಾಡಿಗೆ ಕೊಟ್ಟು ಶೂಟಿಂಗ್ ಮಾಡೋದು ಇದೇ ಹಾಲ್‌ಗಳಲ್ಲಿ.

1945ರಲ್ಲಿ ಸ್ಟುಡಿಯೊ ಸರ್ಕಾರದ್ದಾಯಿತು. ನನ್ನ ಪ್ರಕಾರ ಪ್ರಾಗ್‌ನ ನಿಜವಾದ ಬಂಡವಾಳ ಕೂಡಿದ್ದು ಈ ಕಾಲದಲ್ಲೇ. ಬಡಗಿಗಳು, ಗಾರೆ ಕೆಲಸದವರು, ದರ್ಜಿಗಳು, ವಿಗ್ ಕಟ್ಟುವವರು, ಎಲ್ಲರೂ ಸಂಬಳದ ನೌಕರರು. ಒಂದು ಸಿನಿಮಾ ಮುಗಿದರೆ ಇನ್ನೊಂದು. ಹಿರಿಯರಿಂದ ಕಿರಿಯರಿಗೆ ಕೆಲಸ ದಾಟುತ್ತಾ ಹೋಯಿತು. ಹೊಲಿದ ಬಟ್ಟೆ, ಮಾಡಿದ ಕುರ್ಚಿ ಯಾವುದನ್ನೂ ಬಿಸಾಡಲಿಲ್ಲ. ಈಗ ಅಲ್ಲಿನ ಉಗ್ರಾಣದಲ್ಲಿ ಲಕ್ಷಗಟ್ಟಲೆ ಉಡುಪು, ಸಾಮಾನುಗಳಿವೆ. ಹದಿನೆಂಟನೇ ಶತಮಾನದ ಕೋಟು ಬೇಕಾ, ಯುದ್ಧಕಾಲದ ಸೈನಿಕರ ಸಮವಸ್ತ್ರ ಬೇಕಾ, ಬಾಡಿಗೆಗೆ ಸಿಗುತ್ತೆ.

[ದೃಶ್ಯ: ಎಸ್ಟೇಟ್ಸ್ ಥಿಯೇಟರ್, ಒಳನೋಟ]

ಸಂಗೀತಗಾರ ಮೊಜಾರ್ಟ್ ಬದುಕಿನ ಸುತ್ತ ಹೆಣೆದ ಸಿನಿಮಾ ‘ಅಮೇಡಿಯಸ್’ ಬಗ್ಗೆ ಇಲ್ಲಿ ಹೇಳಲೇಬೇಕು. ನಿರ್ದೇಶಕ ಮಿಲೋಷ್ ಫೋರ್ಮನ್ ಅದೇ ನೆಲದವರು, ಅಮೆರಿಕಕ್ಕೆ ಹೋಗಿ ನೆಲೆಸಿದ್ದರು. ಕಥೆ ನಡೆಯೋದು ವಿಯೆನ್ನಾದಲ್ಲಿ, ಶೂಟಿಂಗ್ ಆಗಿದ್ದು ಬಹುಪಾಲು ಪ್ರಾಗ್‌ನಲ್ಲಿ. 1787ರಲ್ಲಿ ಮೊಜಾರ್ಟ್ ತನ್ನ ಸಂಗೀತ ನಾಟಕ ‘ಡಾನ್ ಜೊವಾನಿ’ಯನ್ನು ಮೊದಲ ಬಾರಿಗೆ ನಡೆಸಿಕೊಟ್ಟ ರಂಗಮಂದಿರ ಅಲ್ಲಿ ಇನ್ನೂ ನಿಂತಿದೆ. ಅದರೊಳಗೇ ಕ್ಯಾಮೆರಾ ಇಟ್ಟರು!

ಆಗ ಅಲ್ಲಿ ಕಮ್ಯುನಿಸ್ಟ್ ಆಡಳಿತ. ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಸೆಟ್‌ನಲ್ಲಿ ಸಂಗೀತ ಶುರುವಾಗಬೇಕಿದ್ದ ಹೊತ್ತಿಗೆ ದೊಡ್ಡ ಅಮೆರಿಕನ್ ಬಾವುಟ ಬಿಚ್ಚಿಕೊಂಡಿತು, ರಾಷ್ಟ್ರಗೀತೆ ಕೇಳಿಸಿತು. ಚೆಕ್ ಸಹನಟರೆಲ್ಲ ಎದ್ದು ನಿಂತು ಹಾಡಿದರಂತೆ. ಸುಮಾರು ಮೂವತ್ತು ಜನ ಮಾತ್ರ ಏನು ಮಾಡೋದು ಅಂತ ತೋಚದೆ ಕೂತೇ ಇದ್ದರಂತೆ. ಅವರೆಲ್ಲ ಗುಪ್ತ ಪೊಲೀಸರು. ಇದನ್ನು ಫೋರ್ಮನ್ ಅವರೇ ಹೇಳಿಕೊಂಡಿದ್ದಾರೆ.

[ದೃಶ್ಯ: ಪ್ರಾಗ್ ಮತ್ತು ಬುಡಾಪೆಸ್ಟ್ ತೋರಿಸುವ ನಕ್ಷೆ]

1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ಬಾಗಿಲು ಪೂರ್ತಿ ತೆರೆಯಿತು. ಒಳ್ಳೆ ಕೆಲಸ, ಕಡಿಮೆ ಕೂಲಿ, ಹಾಲಿವುಡ್‌ಗೆ ಇನ್ನೇನು ಬೇಕು? ಆದರೆ 2004ರಲ್ಲಿ ಹತ್ತಿರದ ಹಂಗೇರಿ ಒಂದು ಕಾನೂನು ತಂದಿತು. ನಮ್ಮಲ್ಲಿ ಖರ್ಚು ಮಾಡಿದ ಹಣದಲ್ಲಿ 20% ವಾಪಸ್ ಕೊಡ್ತೀವಿ ಅಂದಿತು. ನಿರ್ಮಾಪಕರು ಲೆಕ್ಕ ಹಾಕಿದರು, ಹಂಗೇರಿಯ ರಾಜಧಾನಿ ಬುಡಾಪೆಸ್ಟ್ ಕಡೆ ತಿರುಗಿದರು. ಪ್ರಾಗ್‌ನಲ್ಲಿ ಕೆಲಸ ಕಡಿಮೆಯಾಯಿತು. ಚೆಕ್ ಸರ್ಕಾರ ತನ್ನದೂ 20% ಅಂತ ಹೇಳಿದ್ದು 2010ರಲ್ಲಿ. ಅಷ್ಟು ತಡ ಮಾಡಬಾರದಿತ್ತು. ಹಂಗೇರಿ 2018ರಲ್ಲಿ 30%ಗೆ ಏರಿಸಿತು, ಚೆಕ್ ದೇಶ 2025ರಲ್ಲಿ 25% ಮಾಡಿತು.

ಸರ್ಕಾರಕ್ಕೆ ಇದು ನಷ್ಟ ಅಲ್ವಾ ಅಂತ ಕೇಳಬಹುದು. ಹಣ ವಾಪಸ್ ಸಿಗೋದು ಆ ದೇಶದಲ್ಲೇ ಮಾಡಿದ ಖರ್ಚಿಗೆ. ಹೋಟೆಲ್, ಊಟ, ವ್ಯಾನ್ ಡ್ರೈವರ್, ಮರ, ಬಣ್ಣ, ಕೂಲಿ, ಎಲ್ಲದರಿಂದಲೂ ತೆರಿಗೆ ಬರುತ್ತೆ.

ನನಗೆ ಕಾಡುವ ಚಿಂತೆ ಬೇರೆ. ಈಗ ಅಲ್ಲಿನ ಕೆಲಸಗಾರರಲ್ಲಿ ಹೆಚ್ಚಿನವರಿಗೆ ತಿಂಗಳ ಸಂಬಳ ಇಲ್ಲ, ಸಿನಿಮಾ ಇದ್ದರೆ ಮಾತ್ರ ದುಡಿಮೆ. 2023ರಲ್ಲಿ ಹಾಲಿವುಡ್‌ನ ಲೇಖಕರು, ನಟರು ಮುಷ್ಕರ ಹೂಡಿದಾಗ ಸಾವಿರಾರು ಕಿಲೋಮೀಟರ್ ದೂರದ ಪ್ರಾಗ್‌ನಲ್ಲೂ ಶೂಟಿಂಗ್ ನಿಂತಿತು. ಯಾವ ಬೇಡಿಕೆಯನ್ನೂ ಇಡದ ಅಲ್ಲಿನ ಬಡಗಿ, ದರ್ಜಿಗಳೂ ಕೆಲಸವಿಲ್ಲದೆ ಮನೆಯಲ್ಲಿ ಕೂರಬೇಕಾಯಿತು.